ಹೊಕ್ಕಿಲ್ಲದ ಟಯರು

ಸೇಲಂನ ನಮ್ಮ ಕನ್ನಡ ನೇಕಾರರ ಕೇರಿಯಲ್ಲಿ ಯಾರೂ ಬರೀ ಕಣ್ಣಿಂದ ನೋಡಿ ಸಾಮಾನು ಕೊಂಡವರಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸಕಿ ನೋಡಬೇಕು. ಸೀರೆ, ಟವೆಲ್ಲಾದರೆ ಸರಿ, ನಮ್ಮಪ್ಪ ಬಾಳೆ ಎಲೆಯನ್ನೂ ಹಾಗೇ ನೋಡುತ್ತಿದ್ದರು. ನನಗೆ ಹೆಣ್ಣು ನೋಡಲು ಹೋದ ಮನೆಯಲ್ಲಿ ತಾಂಬೂಲದ ತಟ್ಟೆಗೆ ಮುಚ್ಚಿದ್ದ ವಸ್ತ್ರವನ್ನು ಹೊಸಕಿ, ನೂಲು ಬೆರಕೆ ಎಂದುಬಿಟ್ಟರು. ನಾನು ಇನ್ನೂ ಒಂದು ವರ್ಷ ಬ್ರಹ್ಮಚಾರಿಯಾಗಿ ಉಳಿದೆ.

ಮಗ್ಗ ಬಿಟ್ಟು ಆಫೀಸು ಸೇರಿದ ನಾನು ತೊಂಬತ್ತರ ದಶಕದ ನಡುವಿನಲ್ಲಿ ಒಂದು ಹಳೆಯ ಕಾರು ಕೊಂಡೆ. ಅದು ಅಪ್ಪನ ಬೆನ್ನಿಗಾಗಿ ಕೊಂಡದ್ದು. ಜೀವಮಾನವೆಲ್ಲ ಗುಂಡಿ ಮಗ್ಗದಲ್ಲಿ ಕೂತ ಬೆನ್ನು ಬಸ್ಸಿನ ಕುಲುಕಾಟ ತಾಳುತ್ತಿರಲಿಲ್ಲ. ನಲ್ಲಂಪಳ್ಳಿಯಲ್ಲಿದ್ದ ತಮ್ಮ ಅಕ್ಕನನ್ನು ನೋಡದೆ ಅವರಿಗೆ ವರ್ಷಗಳೇ ಆಗಿದ್ದವು. ಬೆನ್ನಿನ ದೆಸೆಯಿಂದಲೇ ಮಗ್ಗವನ್ನೂ ಬಿಚ್ಚಿಟ್ಟಾಗಿತ್ತು. ಅಂದಿನಿಂದ ನಿದ್ದೆಯೂ ಹೋಗಿತ್ತು. ಮನೆ ಸುಮ್ಮನಿದ್ದರೆ ಕಣ್ಣು ಹತ್ತುವುದಿಲ್ಲ ಎನ್ನುತ್ತಿದ್ದರು.

ಕಾರಿನ ಟಯರುಗಳು ಬೋಳಾಗಿದ್ದವು. ದಾರಿಯ ತೊಪ್ಪೂರು ಘಾಟಿಗೆ ಅವು ಸಾಲವು. ಕುಲುಕಾಟ ಕಡಿಮೆ ಎಂದು ನಾನು ರೇಡಿಯಲ್ ಟಯರನ್ನು ನಿಶ್ಚಯಿಸಿಕೊಂಡಿದ್ದೆ. ಅಂಗಡಿಗೆ ಅಪ್ಪನನ್ನು ಕರೆದೊಯ್ದದ್ದೇ ತಪ್ಪಾಯಿತು.

ಟಯರು ಎಂದರೆ ರಬ್ಬರು ಎಂದು ತಿಳಿದವರು ತಿಳಿಯಲಿ, ಒಳಗಿರುವುದು ನೂಲು, ರಬ್ಬರಲ್ಲಿ ಅದ್ದಿದ ನೂಲು. ಗಿರಾಕಿಗಳಿಗೆ ತೋರಿಸಲು ಅಂಗಡಿಯವನು ಎರಡು ಜಾತಿಯ ಟಯರನ್ನೂ ಕೊಯ್ದು ತುಂಡು ಇಟ್ಟಿದ್ದ. ನೈಲಾನ್ ಟಯರಿನಲ್ಲಿ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯುತ್ತವೆ. ರೇಡಿಯಲ್‌ನ ಪಕ್ಕೆಯಲ್ಲಿ ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ಓಡುತ್ತವೆ. ಅಪ್ಪ ಆ ಪಕ್ಕೆಯನ್ನೇ ಹಿಡಿದು ಹೊಸಕಿದರು.

"ಆಸು ಐತೆ. ಒಕ್ಕು ಎಲ್ಲಿ?"

ಉದ್ದನೆಯ ಹಾಸು ಮಾತ್ರವಿದ್ದು ಅಡ್ಡಲಾಗಿ ಹೊಕ್ಕು ಇಲ್ಲದ್ದು ಬಟ್ಟೆಯಾಗದು. ಇದು ನೇಕಾರರ ಕೂಸಿಗೂ ಗೊತ್ತು. ಪೆರಿಯವರೇ, ನೆಲಕ್ಕೆ ತಾಗುವ ಕಡೆ ಉಕ್ಕಿನ ಪಟ್ಟಿ ಇದೆ, ಅದೇ ಬಿಗಿ ಕೊಡುತ್ತದೆ ಎಂದು ಅಂಗಡಿಯವನು ತಮಿಳಿನಲ್ಲಿ ಬಿಡಿಸಿ ಹೇಳಿದ. ಬಟ್ಟೆ ಹರಿಯದ ಹಾಗೆ ತಗಡು ಹೊಡೆಯುತ್ತಾರೆಯೇ ಎಂದು ಅಪ್ಪ ಕೇಳಿದರು. ಅವನು ನನ್ನ ಮುಖ ನೋಡಿದ. ನಾನು ನೈಲಾನ್ ಟಯರಿಗೆ ತಲೆಯಾಡಿಸಿದೆ. ಹೊಕ್ಕಿಲ್ಲದ ಗಾಡಿಯಲ್ಲಿ ಕೂರುವುದಿಲ್ಲ ಎಂದು ಅವರು ಹಟ ಹಿಡಿದರೆ ಅತ್ತೆಯನ್ನು ನೋಡುವುದು ಹೇಗೆ?

ನೈಲಾನ್ ಟಯರಿಗೆ ಒಂದು ದುರ್ಗುಣವಿದೆ. ರಾತ್ರಿಯೆಲ್ಲ ನಿಂತರೆ ನೆಲಕ್ಕೆ ತಾಗಿದ ಜಾಗ ಚಪ್ಪಟೆಯಾಗುತ್ತದೆ. ಬೆಳಿಗ್ಗೆ ಓಡಿ ಬಿಸಿಯಾಗುವವರೆಗೆ ಕಾರು ಲಟಕ್ ಲಟಕ್ ಎಂದು ಕುಪ್ಪಳಿಸುತ್ತದೆ. ಹೊರಟ ದಿನ ಕೇರಿ ದಾಟುವಷ್ಟರಲ್ಲೇ ಅದು ಶುರುವಾಯಿತು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಈ ಬೆನ್ನು ನಲ್ಲಂಪಳ್ಳಿ ಮುಟ್ಟುವುದಿಲ್ಲ, ವಾಪಸು ಹೋಗೋಣವೇ ಎಂದು ಕೇಳಲು ತಿರುಗಿದೆ.

ಅಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು.

ಓಮಲೂರು ಬರುವಷ್ಟರಲ್ಲಿ ಟಯರು ಬಿಸಿಯಾಗಿ ದುಂಡಗಾಯಿತು. ಸದ್ದು ನಿಂತಿತು. ಅಪ್ಪ ತಟ್ಟನೆ ಕಣ್ಣು ಬಿಟ್ಟರು.

"ಮಗ್ಗ ಯಾಕ್ಲಾ ನಿಂತೋಯ್ತು?"

ರಸ್ತೆ ಚೆನ್ನಾಗಿದೆ ಅಪ್ಪ ಎಂದಷ್ಟೇ ಹೇಳಿದೆ.

ಆ ಟಯರುಗಳು ಸವೆದ ಮೇಲೆ ಮತ್ತೆ ಅದೇ ಅಂಗಡಿಗೆ ಹೋದೆ. ಈ ಸಲ ಒಬ್ಬನೇ. ಈಗಲಾದರೂ ರೇಡಿಯಲ್ ಹಾಕಿಸಿ ಸಾರ್ ಎಂದು ಅವನು ಆಸೆಯಿಂದ ತುಂಡನ್ನು ಮುಂದಿಟ್ಟ. ನಾನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು, ಹೊತ್ತು ತೆಗೆದುಕೊಂಡು ಹೊಸಕಿ ನೋಡಿದೆ. ಆಮೇಲೆ ಇದರಲ್ಲಿ ಹೊಕ್ಕಿಲ್ಲ ಎಂದು ಹೇಳಿ ನೈಲಾನ್ ಟಯರನ್ನೇ ಹಾಕಿಸಿಕೊಂಡು ಬಂದೆ.