ಗಂಡನ ಶುಗರಿಗೆ ನನ್ನ ಪಥ್ಯ

ನಮ್ಮ ಮನೆಯಲ್ಲಿ ಯಾರಿಗಾದರೂ ಶುಗರ್ ಬರುವುದಿದ್ದರೆ ನನಗೇ ಬರಬೇಕಿತ್ತು. ಸೊಂಟ, ತೊಡೆ ಎಲ್ಲ ಸೇರಿ ನಾನು ಶಹಾಬಾದಿನ ಓಣಿಯಲ್ಲಿ ಎದುರಾದರೆ ಸೈಕಲ್‌ನವರು ಇಳಿದು ದಾರಿ ಬಿಡುತ್ತಿದ್ದರು. ಗಂಡನದು ಕಡ್ಡಿಯಂಥ ಕೈಕಾಲು, ನಡುವೆ ಗಟ್ಟಿಯಾದೊಂದು ಹೊಟ್ಟೆ. ಅದನ್ನು ಹೊಟ್ಟೆ ಎಂದು ಅತ್ತೆ ಒಪ್ಪುತ್ತಲೇ ಇರಲಿಲ್ಲ. "ನನ್ನ ಮಗ ಒಣಗ್ಯಾನ," ಎನ್ನುತ್ತ ಮಗನ ರೊಟ್ಟಿಗೆ ಇನ್ನಷ್ಟು ತುಪ್ಪ ಸುರಿಯುವುದು, ನನ್ನ ತಟ್ಟೆ ನೋಡಿ ನಿಟ್ಟುಸಿರು ಬಿಡುವುದು.

ಗಂಡನದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಅಂಗಡಿ. ಅಲ್ಲಿ ಚಪ್ಪಡಿಯೊಂದು ಜಾರಿ ಅವರ ಕಾಲ್ಬೆರಳ ಮೇಲೆ ಬಿತ್ತು. ಗಾಯ ಮಾಯಲೇ ಇಲ್ಲ. ಹತ್ತಿರದ ವಾಡಿ ಊರಿನ ಡಾಕ್ಟರಮ್ಮ ರಕ್ತ ತೆಗೆಸಿದರು. ಜೊತೆಗೆ ಹೋಗಿದ್ದ ನನ್ನ ಗಾತ್ರ ನೋಡಿ ನನ್ನದನ್ನೂ ತೆಗೆಸಿದರು. ನನಗೆ ಏನೂ ಇಲ್ಲ. ಗಂಡನಿಗೆ ಶುಗರ್ ವಿಪರೀತ, ಲಿವರ್‌ನಲ್ಲೂ ಕೊಬ್ಬು.

"ರಿಪೋರ್ಟ್ ಅದಲು ಬದಲು ಆಗ್ಯಾವ ನೋಡ್ರಿ," ಎಂದರು ಜೊತೆಗೆ ಬಂದಿದ್ದ ಅತ್ತೆ.

"ಆಗಿಲ್ರಿ. ನಿಮ್ಮ ಸೊಸಿ ಕೊಬ್ಬು ಸೊಂಟದಾಗ, ತೊಡಿದಾಗ, ಚರ್ಮದ ಕೆಳಗ ತಣ್ಣಗ ಕುಂತದ. ನಿಮ್ಮ ಮಗಂದು ಹೊಟ್ಟಿ ಒಳಗ, ಕರುಳಿನ ಸುತ್ತ ತುಂಬ್ಯದ. ಅಲ್ಲಿ ಒಳಗೊಳಗ ಉರಿಯೂತ ನಡದದ. ಗಂಡಸರಿಗಿ ಹಿಂಗಾಗೋದು ಜಾಸ್ತಿ." ಡಾಕ್ಟರಮ್ಮ ನನ್ನತ್ತ ತಿರುಗಿದರು. "ಮುಟ್ಟು ನಿಂತ ಮ್ಯಾಲ ನಿಮ್ಮದೂ ಹೊಟ್ಟಿಗಿ ಬರ್ತದ. ಹುಷಾರಿರ್ರಿ."

ಸುಳ್ಳು ಯಾಕೆ ಹೇಳಲಿ, ನನಗೆ ಭಾರೀ ಖುಷಿಯಾಯಿತು. ಎಷ್ಟು ವರ್ಷ ಬೈಸಿಕೊಂಡ ತೊಡೆಗಳು ಅವು! ಗಂಡನಿಗೆ ಸಿಹಿ, ತುಪ್ಪ ಬಂದ್, ದಿನಾ ನಡಿಗೆ, ಗುಳಿಗೆ ಎಂದು ಹೇಳಿ ಡಾಕ್ಟರಮ್ಮ ಕಳಿಸಿಕೊಟ್ಟರು.

ಬಸ್ಸಿನಲ್ಲಿ ಅತ್ತೆ ಕೇಳಿದರು, "ಶ್ರಾವಣ ಸೋಮವಾರ ಯಾರ ಸಲುವಾಗಿ ಉಪಾಸ ಮಾಡ್ತಿ?"

"ಇವರ ಸಲುವಾಗಿ."

"ಪುಣ್ಯಾ ಯಾರಿಗಿ?"

"ಇವರಿಗೇ."

"ಮತ್ತ? ಪಥ್ಯಾನೂ ನೀನೇ ಮಾಡು."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. "ಅವ್ವ ಹೇಳೋದು ಖರೆ ಅನಸ್ತದ," ಎಂದ ಗಂಡನ ಮುಖ ಅರಳಿತ್ತು.

ಮರುದಿನ ಬೆಳಿಗ್ಗೆ ಹಾಗಲಕಾಯಿ ರಸದ ಲೋಟ ನನ್ನ ಮುಂದೆ ಬಂತು. ಗಂಡ ಮಂಚದ ಮೇಲಿಂದಲೇ, "ತಳದಾಗ ಬಿಡಬ್ಯಾಡ, ಎಲ್ಲಾ ಕುಡಿ," ಎಂದರು. ಸಂಜೆ ಮೈದಾನದಲ್ಲಿ ನಾನು ಸುತ್ತು ಹಾಕುತ್ತಿದ್ದೆ. ಅವರು ಕಟ್ಟೆಯ ಮೇಲೆ ಮಿರ್ಚಿ ಭಜಿ ತಿನ್ನುತ್ತ, "ಇನ್ನೊಂದು ಸುತ್ತು ಹಾಕು, ನನ್ನ ಕಾಲು ಭಾಳ ನೋಯಾಕತ್ತದ," ಎಂದು ಕೂಗುತ್ತಿದ್ದರು. ವ್ರತ ಎಂದ ಮೇಲೆ ನೈವೇದ್ಯ ಬೇಕಲ್ಲ, ಪ್ರತಿ ಸೋಮವಾರ ಹೋಳಿಗೆ. ನಾನು ತಿನ್ನುವ ಹಾಗಿಲ್ಲ, ತಿಂದವರು ಅವರೇ. ಗುಳಿಗೆಯೂ ಒಂದು ದಿನ ನನ್ನ ಮುಂದೆ ಬಂದಿತ್ತು. ಥೂ, ಅದನ್ನು ಮಾತ್ರ ಎತ್ತಿ ಗಂಡನ ಕೈಗೇ ಕೊಟ್ಟೆ.

ನೀನೇಕೆ ಒಪ್ಪಿದೆ ಎಂದು ಕೇಳುತ್ತೀರಿ. ಒಲ್ಲೆ ಎಂದು ಆ ಬೆರಳಿಗೇನಾದರೂ ಆಗಿದ್ದರೆ ಊರೆಲ್ಲ ನನ್ನನ್ನೇ ದೂರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನನಗೂ ಹೆದರಿಕೆ. ಮದುವೆಯಾದಾಗಿನಿಂದ ಇವರಿಗಾಗಿ ಹಸಿದು ಅಭ್ಯಾಸವಾಗಿತ್ತು. ಇದರಿಂದಲೂ ಏನಾದರೂ ಆದೀತು ಎಂದು ಎಲ್ಲೋ ಒಂದು ಆಸೆ ಇತ್ತು.

ನನ್ನ ಕುಪ್ಪಸ ಸಡಿಲಾಯಿತು. "ಫಾಯ್ದಾ ಆಗಾಕತ್ತದ," ಎಂದು ಅತ್ತೆ ಹಿಗ್ಗಿದರು. ಗಂಡನ ಬೆರಳು ಕಪ್ಪಾಯಿತು.

ಮತ್ತೆ ವಾಡಿಗೆ ಹೋದೆವು. "ಪಥ್ಯಾ ಮಾಡಿದ್ರೇನು?" ಎಂದು ಡಾಕ್ಟರಮ್ಮ ಕೇಳಿದರು.

"ಒಂದಿನಾ ತಪ್ಪಿಲ್ರಿ!" ಅತ್ತೆ ನನ್ನನ್ನು ಮುಂದಕ್ಕೆ ತಳ್ಳಿದರು. "ನೋಡ್ರಿ, ಹ್ಯಾಂಗ ಇಳದಾಳ!"

ಡಾಕ್ಟರಮ್ಮ ಹಣೆಗೆ ಕೈ ಹಚ್ಚಿಕೊಂಡರು. "ಬೆರಳು ತೆಗೀಬೇಕ್ರಿ. ಇಲ್ಲಂದ್ರ ಪಾದಕ್ಕ ಏರ್ತದ."

ಅತ್ತೆ ಗೊಳೋ ಎಂದು ಅತ್ತರು. ಆ ಅಳು ಖರೆ ಅಳು. ಅಳುತ್ತಲೇ ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡರು. "ನನ್ನ ಸೊಸಿದು ತಗೋರ್ರಿ. ಆಕಿ ಒಲ್ಲೆ ಅನ್ನಾಕಿ ಅಲ್ಲ."

ಡಾಕ್ಟರಮ್ಮ ಕೈ ಬಿಡಿಸಿಕೊಂಡರು. "ಅವ್ವಾ, ಹುಚ್ಚೇನು ನಿನಗ?" ಎಂದು ಗಂಡನಾದರೂ ಅಂದಾರು ಎಂದು ನಾನು ಅವರತ್ತ ತಿರುಗಿದೆ.

ಅವರು ನನ್ನ ಪಾದ ನೋಡುತ್ತಿದ್ದರು.