ಪ್ರಸಾದ ಬೇರೆ, ಪುಡಿ ಬೇರೆ

ಮಧ್ಯಾಹ್ನದ ಹುಳಿಗೆ ಬಸಳೆ ದಂಟು ಹೆಚ್ಚುತ್ತಿದ್ದಾಗ ಆಸ್ಪತ್ರೆಯಿಂದ ಮಗಳ ಫೋನ್ ಬಂತು. "ಅಮ್ಮಾ, ಅಪ್ಪಾವುಕ್ಕು ವಿರಲ್ ಎಡುಕ್ಕ ವೇಂಡಾಮಾಂ!" ಅಪ್ಪನ ಕಾಲ್ಬೆರಳು ತೆಗೆಯಬೇಕಾಗಿಲ್ಲವಂತೆ. ನಮ್ಮ ಮಗಳಿಗೆ ಅಳುವೂ ನಗುವೂ ತಮಿಳಿನಲ್ಲೇ. ಕತ್ತಿ ಕೆಳಗಿಟ್ಟು ದೇವರಿಗೆ ಕೈಮುಗಿದೆ. ಕಣ್ಣು ಮುಚ್ಚಿದರೆ ಕಂಡದ್ದು ಮಾತ್ರ ಸೆಲ್ವಿಯಮ್ಮನ ಮುಖ. ದೇವರು ತಪ್ಪು ತಿಳಿಯಲಾರ.

ಸೆಲ್ವಿಯಮ್ಮ ಮಾಧವರಂನಲ್ಲಿ ನಮ್ಮ ಹಿಂದಿನ ಬೀದಿಯಲ್ಲಿ ಸಿದ್ಧ ಎಂಬ ತಮಿಳು ಪದ್ಧತಿಯ ವೈದ್ಯೆಯಾಗಿದ್ದರು. ಕಾಲೇಜಿನಲ್ಲಿ ಓದಿದ ಸರ್ಟಿಫಿಕೇಟನ್ನೂ ನೋಂದಣಿ ಪತ್ರವನ್ನೂ ಬಾಗಿಲೆದುರೇ ತೂಗುಹಾಕಿದ್ದರು. ಅವರ ಮಾತು ತಮಿಳು, ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾಡಿ ಹಿಡಿಯುವ ಮೊದಲು ಕೈಚಾಚಿ, "ತಿನ್ನೋ ಮಾತ್ರೆ ಎಲ್ಲಾ ತೋರಿಸುಮ್ಮಾ" ಎನ್ನುವರು. ಮುಚ್ಚಿಟ್ಟರೆ ಗದರುವರು. ಬಂದವರಲ್ಲಿ ಅರ್ಧ ಜನರನ್ನು ಆಸ್ಪತ್ರೆಗೆ ಅಟ್ಟುವರು.

"ಹೀಗೆ ಓಡಿಸಿದರೆ ನಿಮ್ಮ ಜೀವನ ನಡೆಯೋದು ಹೇಗಮ್ಮಾ?" ಎಂದೆ ಒಮ್ಮೆ.

"ಬದುಕಿದ್ದರೆ ನೆಗಡಿಗಾದರೂ ವಾಪಸ್ ಬರ್ತಾರೆ ಬಿಡು."

ನಮ್ಮವರು ಎಗ್ಮೋರಿನ ಹೋಟೆಲೊಂದರಲ್ಲಿ ಅಡುಗೆಯವರು. ಬಹಳ ವರ್ಷದ ಸಕ್ಕರೆ ಕಾಯಿಲೆ. ಹೋಟೆಲಿನ ಹಿಂಬಾಗಿಲಿಗೆ ನಮ್ಮೂರು ಕುಂದಾಪುರದ ಕಡೆಯವನೊಬ್ಬ ಬರತೊಡಗಿದ. ಬಾಯಲ್ಲಿ ಊರ ಮಾತು, ಕೈಯಲ್ಲಿ ಊರ ದೇವಸ್ಥಾನದ ಕುಂಕುಮ, ಜೊತೆಗೊಂದು ಪೊಟ್ಟಣ ಕಪ್ಪು ಪುಡಿ. "ಇದ್ ತಿಂದ್ರೆ ಸಕ್ರಿ ಮಾತ್ರಿ ಬ್ಯಾಡ. ಗ್ಯಾರಂಟಿ!"

"ನಮ್ ಭಾಷಿ ಮಾತಾಡುವವ, ಮೋಸ ಮಾಡ್ತ್ನಾ?" ಎಂದರು ನಮ್ಮವರು. ನಾನೂ ನಂಬಿದೆ. ಈ ತಮಿಳು ಪಟ್ಟಣದಲ್ಲಿ ಯಾರಾದರೂ ಕುಂದಾಪುರದ ಮಾತಾಡಿದರೆ ಕಿವಿ ತಂಪಾಗುತ್ತದೆ, ಬುದ್ಧಿಯೂ ತಣ್ಣಗಾಗುತ್ತದೆ. ಪ್ರಸಾದದೊಟ್ಟಿಗೆ ಬಂದದ್ದೆಂದು ಕುಂಕುಮದ ಚೀಟಿಯನ್ನೂ ಪೊಟ್ಟಣದೊಳಗೇ ಸೇರಿಸಿ ದೇವರ ಮುಂದಿಟ್ಟು, ದಿನಾ ನಾನೇ ಪುಡಿ ಕೊಟ್ಟೆ. ಮಾತ್ರೆ ನಿಲ್ಲಿಸಿದೆವು.

ಎರಡು ತಿಂಗಳಲ್ಲಿ ಕಾಲಿನ ಹೆಬ್ಬೆರಳಲ್ಲಿ ಹುಣ್ಣೆದ್ದು ಕಪ್ಪಾಯಿತು. ಆಗ ಸೆಲ್ವಿಯಮ್ಮನಲ್ಲಿಗೆ ಓಡಿದೆವು. ಅವರು ಹುಣ್ಣು ನೋಡಿದರು, ಪೊಟ್ಟಣ ಬಿಚ್ಚಿದರು, ಒಳಗಿದ್ದ ಕುಂಕುಮದ ಚೀಟಿಯನ್ನು ಮೆಲ್ಲಗೆ ಎತ್ತಿ ನನ್ನ ಅಂಗೈಗಿಟ್ಟರು.

"ಇದು ದೇವರದು, ಹಣೆಗಿಟ್ಟುಕೋ. ಪುಡಿ ಮನುಷ್ಯನದು. ಇದರಲ್ಲೇನಿದೆ ಅಂತ ಕೇಳಿದೆಯಾ?"

"ಇಲ್ಲಮ್ಮಾ, ನಮ್ಮ ಊರಿನವ..."

"ಅವನ ಊರು ಕೇಳಿದೆ ನೀನು. ಓದು ಕೇಳಲಿಲ್ಲ."

"ಹಚ್ಚಲಿಕ್ಕೆ ಎಣ್ಣೆಯಾದರೂ ಕೊಡಿಯಮ್ಮಾ" ಎಂದು ನಮ್ಮವರು ಅಂಗಲಾಚಿದರು. ಆಸ್ಪತ್ರೆ ಎಂದರೆ ಅವರಿಗೆ ಅಷ್ಟು ಭಯ.

"ಈಗ ಎಣ್ಣೆ ಕೊಟ್ಟರೆ ಅವನಿಗೂ ನನಗೂ ಏನು ವ್ಯತ್ಯಾಸ ಸಾರ್? ಆಟೋ ಹತ್ತಿ."

ಮಾತ್ರೆ ಬಿಟ್ಟದ್ದು, ಪುಡಿ ತಿಂದದ್ದು ಎಲ್ಲ ಚೀಟಿಯಲ್ಲಿ ಬರೆದು, ಡಾಕ್ಟರಿಗೆ ತೋರಿಸಲೆಂದು ಪುಡಿಯನ್ನೂ ಜೊತೆಗೆ ಕಳಿಸಿದರು. ಅದೇ ಕೊನೆಯ ಭೇಟಿ. ನಾವು ಆಸ್ಪತ್ರೆಗೆ ಅಲೆಯುತ್ತಿದ್ದ ದಿನಗಳಲ್ಲಿ ಅವರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿ ತಿರುನೆಲ್ವೇಲಿಯ ತಂಗಿಯ ಮನೆ ಸೇರಿದರು.

ಇವತ್ತು ಅವರಿಗೆ ಫೋನ್ ಮಾಡಿ, ಬೆರಳು ಉಳಿಯಿತು, ನಾಳೆ ಮನೆಗೆ ಕಳಿಸುತ್ತಾರೆ ಎಂದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು.

"ಇನ್ನು ನಾನು ಯಾರ ಹತ್ತಿರ ಹೋಗಲಮ್ಮಾ?"

"ಎಷ್ಟು ಪ್ರಶ್ನೆ ಕೇಳಿದರೂ ಸಿಟ್ಟಾಗದವರ ಹತ್ತಿರ. 'ನನಗೆ ಗೊತ್ತಿಲ್ಲ' ಅಂತ ಹೇಳಬಲ್ಲವರ ಹತ್ತಿರ. ಈಗ ಫೋನ್ ಇಡು, ನಿಮ್ಮವರಿಗೆ ಹಾಸಿಗೆ ಹಾಸಿದ್ದೀಯಾ?"

ಹಾಸಿರಲಿಲ್ಲ. ಮೊದಲು ಹಾಸು ಹೊದಿಕೆ ಶುಚಿಯಾಗಲೆಂದು ಬಿಸಿನೀರಿನಲ್ಲಿ ನೆನೆಸಲು ಬಚ್ಚಲಿಗೆ ಹೋದೆ.