ಗಡಿ ತೋರಿಸಿದವಳು

ಆಗೆಲ್ಲ ನಮ್ಮೂರಿನ ಗದ್ದೆಗಳಿಗೆ ಗಡಿಕಲ್ಲು ಅಂತ ಇರುತ್ತಿರಲಿಲ್ಲ. ಸೀತೂರಿನ ರಸ್ತೆ ಬಿಟ್ಟು ಒಳಗೆ ಇಳಿದರೆ ಹದಿನಾಲ್ಕು ಮನೆ, ಒಂದು ಶಾಲೆ, ಎದುರಿಗೆ ಉದ್ದಾನುದ್ದ ಗದ್ದೆಬಯಲು. ಪಹಣಿಯಲ್ಲಿ ಎಂದೋ ತೀರಿಕೊಂಡ ಅಜ್ಜನ ಹೆಸರೊಂದೇ ಇದ್ದರೂ ಗದ್ದೆಯಲ್ಲಿ ನಾಲ್ವರು ಮಕ್ಕಳ ಪಾಲು. ಯಾವ ಅಂಚಿನಿಂದ ಯಾವ ಅಂಚಿನವರೆಗೆ ಯಾರದ್ದು ಎನ್ನುವುದು ಊರವರಿಗೆ ಮಾತ್ರ ಗೊತ್ತು. ನಾಟಿಗೆ ಮುಯ್ಯಾಳು ಪದ್ಧತಿ. ಇವತ್ತು ನಮ್ಮ ಗದ್ದೆಗೆ ಅವರು ಬಂದು ನೆಟ್ಟರೆ ನಾಳೆ ಅವರ ಗದ್ದೆಗೆ ನಾವು. ಕೂಲಿ ಇಲ್ಲ, ಊಟ ಮಾತ್ರ. ಅಮ್ಮನ ಸೆರಗು ಹಿಡಿದುಕೊಂಡು ಎಲ್ಲರ ಗದ್ದೆಗೂ ಹೋಗುತ್ತಿದ್ದ ನನಗೆ ಹತ್ತು ವರ್ಷಕ್ಕೇ ಇಡೀ ಬಯಲು ಬಾಯಿಪಾಠ. ಬಾಯಿಯೂ ಸ್ವಲ್ಪ ಹೆಚ್ಚೇ ಇತ್ತು ಅನ್ನಿ.

ಆ ವರ್ಷ ಬೇಸಿಗೆಯಲ್ಲಿ ಗ್ಯಾಸ್ ಪೈಪಿನ ಸುದ್ದಿ ಬಂತು. ಯಾವುದೋ ಕಂಪನಿಯ ಪೈಪು ನಮ್ಮ ಬಯಲಿನ ನಡುವೆಯೇ ಹಾದುಹೋಗುತ್ತದಂತೆ. ಭೂಮಿ ನಮ್ಮ ಹೆಸರಿನಲ್ಲೇ ಉಳಿದರೂ ಪೈಪಿನ ಮೇಲೆ ಬಾವಿ ತೆಗೆಯುವಂತಿಲ್ಲ, ಮರ ನೆಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ಶಾಲೆಯ ಜಗಲಿಯಲ್ಲಿ ದೊಡ್ಡವರ ಮೀಟಿಂಗ್ ಸೇರಿತು. ನನ್ನ ಜೀವದ ಗೆಳತಿ ಸುಮಾಳ ಅಪ್ಪ ಕೃಷ್ಣಪ್ಪಣ್ಣನೇ ಮುಂದಾಳು. ಅವರು ಹುಡುಕಿದ ಉಪಾಯ ಸರಳವಾಗಿತ್ತು: ಸರ್ವೆಯವರು ಬಂದರೆ ಯಾರೂ ಗಡಿ ತೋರಿಸಬಾರದು. ಯಾರ ಪಾಲು ಎಲ್ಲಿದೆ ಅಂತ ತಿಳಿಯದಿದ್ದರೆ ಯಾರ ಹೆಸರಿಗೆ ನೋಟಿಸು ಬರೆದಾರು? ಎಲ್ಲರೂ ಒಪ್ಪಿ ಎದ್ದರು. ಮಕ್ಕಳಿಗೂ ಹೇಳಿಡಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಸರ್ವೆಯವರು ಬಂದದ್ದು ಮಟಮಟ ಮಧ್ಯಾಹ್ನ. ಇಬ್ಬರು ಆಸಾಮಿಗಳು, ಜೊತೆಗೆ ಮೂರು ಕಾಲಿನ ಒಂದು ಮಿಷನ್ನು. ಉಳಿದ ಮನೆಯವರೆಲ್ಲ ಬಾಗಿಲು ಹಾಕಿಕೊಂಡಿದ್ದರು. ನಮ್ಮದು ಕೊನೆಯ ಮನೆ. ಅಪ್ಪಯ್ಯ ಜ್ವರ ಬಂದು ಒಳಗೆ ಮಲಗಿದ್ದರು. ಗಡಿಯ ವಿಷಯ ತನಗೆ ಗೊತ್ತಿಲ್ಲ ಅಂತ ಅಮ್ಮ ಖಡಾಖಂಡಿತವಾಗಿಯೇ ಹೇಳಿದಳು. ಆದರೆ ಊಟದ ಹೊತ್ತಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದು ಅವಳಿಂದ ಆಗಲಿಲ್ಲ. ಎಲೆ ಹಾಕಿ, ಹಲಸಿನಕಾಯಿ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸಿ, ಎಲೆ ಎತ್ತಿಕೊಂಡು ಮನೆಯ ಹಿಂದಿನ ಕೊಟ್ಟಿಗೆಯ ಕಡೆ ಹೋದಳು.

ಸುಮಾ ಆ ರಜೆಗೆ ಮೇಗುಂದದ ಅತ್ತೆಮನೆಗೆ ಹೋಗಿದ್ದಳು. ಮಾತಾಡಲು ಜನವಿಲ್ಲದೆ ನನ್ನ ಬಾಯಿ ನವೆಯುತ್ತಿತ್ತು. ಸರ್ವೆಯವನೊಬ್ಬ, ಆ ದೊಡ್ಡ ಗದ್ದೆ ಯಾರದ್ದು ಪುಟ್ಟಿ ಅಂತ ಕೇಳಿದ್ದೇ ತಡ, ನಾನು ಅಂಗಳಕ್ಕೆ ಹಾರಿದೆ. ಇಷ್ಟು ದೊಡ್ಡವರಿಗೆ ಇಷ್ಟೂ ಗೊತ್ತಿಲ್ಲವಲ್ಲ ಅಂತ ನಗು ಬೇರೆ. ಅಲ್ಲಿಂದ ಅಂಚಿನ ಮೇಲೆ ಓಡುತ್ತಾ, ಇದು ಶಾರದಕ್ಕಂದು, ಇಲ್ಲಿಂದಾಚೆ ಅವರ ಮೈದುನಂದು, ಈ ತೋಡು ದಾಟಿದರೆ ಕೃಷ್ಣಪ್ಪಣ್ಣಂದು ಅಂತ ಕೂಗಿ ಕೂಗಿ ಹೇಳಿದೆ. ಕೆಂಪು ಬಣ್ಣ ಬಳಿದ ಗೂಟಗಳನ್ನು ಹಿಡಿದುಕೊಳ್ಳಲು ನನಗೇ ಕೊಟ್ಟಿದ್ದರು. ಶಾಲೆಯಲ್ಲಿ ಬಾವುಟ ಹಿಡಿದಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ನೋಟಿಸು ಬಂತು. ಒಬ್ಬೊಬ್ಬರ ಹೆಸರಿಗೂ, ಪಾಲಿನ ಸಮೇತ. ಮತ್ತೆ ಮೀಟಿಂಗ್. ನಮ್ಮ ಮನೆಯಲ್ಲಿ ಸರ್ವೆಯವರು ಉಂಡು ಹೋದದ್ದು ಎಲ್ಲರಿಗೂ ಗೊತ್ತಿತ್ತು. ನಾನು ಶಾಲೆಯ ಕಂಬದ ಹಿಂದೆ ನಿಂತಿದ್ದೆ. ಅಷ್ಟು ಹೊತ್ತಿಗೆ ನನಗೂ ಎಲ್ಲ ಅರ್ಥವಾಗಿತ್ತು. ಕೃಷ್ಣಪ್ಪಣ್ಣ ಅಪ್ಪಯ್ಯನ ಮುಖ ನೋಡಿ ಕೇಳಿದರು.

"ಮಾರಾಯ, ಗಡಿ ತೋರ್ಸಿದ್ದು ಯಾರು ಹೇಳಿಬಿಡು."

"ನಾನೇ" ಅಂದರು ಅಪ್ಪಯ್ಯ.

ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಜ್ವರದಲ್ಲಿದ್ದ ಅಪ್ಪಯ್ಯನಿಗೆ ಏನೂ ಗೊತ್ತಿಲ್ಲ, ಅಮ್ಮನೇ ತೋರಿಸಿರಬೇಕು ಅಂದುಕೊಂಡು ತಮ್ಮ ಮೇಲೆ ಹಾಕಿಕೊಂಡರು ಅಂತಲೇ ನಾನು ಬಗೆದೆ. ಅಮ್ಮನಾದರೋ ಗಂಡನೇ ಎದ್ದು ಹೋಗಿ ತೋರಿಸಿದ್ದಾನೆ ಅಂತ ನಂಬಿದಳು. ನಿಜ ಗೊತ್ತಿದ್ದವಳು ನಾನೊಬ್ಬಳೇ, ಬಾಯಿ ಬಿಡದವಳೂ ನಾನೊಬ್ಬಳೇ.

ನಮ್ಮ ನಾಟಿಯ ದಿನ ಅಮ್ಮ ಎಂದಿನಂತೆ ಬೆಳಗಿನ ಜಾವಕ್ಕೇ ಎದ್ದು ಮೂವತ್ತು ಜನಕ್ಕೆ ಕಡುಬು ಬೇಯಿಸಿದ್ದಳು. ಕಳಲೆ ಪಲ್ಯದ ಘಮ ಮನೆ ತುಂಬಿತ್ತು. ಬಿಸಿಲೇರಿದರೂ ಯಾರೂ ಬರಲಿಲ್ಲ. ನಾವು ಮೂವರೇ ಗದ್ದೆಗೆ ಇಳಿದೆವು. ಆಚೆ ಶಾರದಕ್ಕನ ಗದ್ದೆಯಲ್ಲಿ ಹೆಂಗಸರ ನಗು, ಹಾಸ್ಯ ಎಲ್ಲ ಕೇಳುತ್ತಿತ್ತು. ನಮ್ಮಲ್ಲಿ ಕೆಸರಿನಿಂದ ಕಾಲು ಕೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ದಿನದ ಕೆಲಸಕ್ಕೆ ಹದಿನೈದು ದಿನ ಹಿಡಿಯಿತು, ಸಸಿ ಬಲಿತುಹೋಯಿತು. ಉಳಿದ ಕಡುಬನ್ನು ಮೂರು ದಿನ ಒಗ್ಗರಣೆ ಹಾಕಿ ತಿಂದೆವು. ಈಗಲೂ ಕಡುಬು ನನಗೆ ಸೇರುವುದಿಲ್ಲ.

ಶಾಲೆ ಶುರುವಾದಾಗ ಸುಮಾ ಬೆಂಚು ಬದಲಿಸಿ ಕೂತಳು. ಬುತ್ತಿ ಬಿಚ್ಚುವಾಗ ಪಕ್ಕಕ್ಕೆ ಹೋದರೆ ಎದ್ದೇ ಹೋದಳು. "ನಿನ್ ಹತ್ರ ಮಾತಾಡಿದ್ರೆ ಅಪ್ಪ ಬೈತಾರೆ" ಅಂತ ಒಂದೇ ಸಲ, ಬೇರೆ ಕಡೆ ನೋಡಿಕೊಂಡು ಹೇಳಿದ್ದಳು. ಮನೆಯಲ್ಲಿ ಇದನ್ನು ಹೇಳುವುದು ಹೇಗೆ? ಮೊದಲೇ ಅಲ್ಲಿ ಅಮ್ಮ, ಅಪ್ಪಯ್ಯ ಇಬ್ಬರೂ ಮಾತು ಬಿಟ್ಟವರ ಹಾಗಿದ್ದರು. ಹಾಗಾಗಿ ಸಂಜೆಯಾದರೆ, ಸುಮಾಳ ಮನೆಗೆ ಆಡಲು ಹೋಗುತ್ತೇನೆ ಅಂತ ಹೇಳಿ ಹೊರಡುತ್ತಿದ್ದೆ. ಹೋಗುತ್ತಿದ್ದದ್ದು ಶಾಲೆಯ ಹಿಂದಿನ ಜಗಲಿಗೆ. ನೆಲದಲ್ಲಿ ಎರಡು ಸಾಲು ಗುಳಿ ಮಾಡಿ, ಹುಣಸೆಬೀಜ ಹಾಕಿ ಚೆನ್ನೆ ಆಡುತ್ತಿದ್ದೆ. ಈ ಕಡೆಗೂ ನಾನೇ, ಆ ಕಡೆಗೂ ನಾನೇ. ಗೆದ್ದವಳೂ ನಾನೇ ಆದರೂ ಅಳು ಬರುತ್ತಿತ್ತು. ಕತ್ತಲಾಗುವ ಮುಂಚೆ ಮುಖ ತೊಳೆದು ಮನೆಗೆ ಹೋಗಿ, ಸುಮಾ ಹಾಗಂದಳು, ಹೀಗಂದಳು ಅಂತ ಕಥೆ ಹೊಸೆಯುತ್ತಿದ್ದೆ. ಅಪ್ಪಯ್ಯ ಕೇಳಿಸಿಕೊಂಡು ನಗುತ್ತಿದ್ದರು. ಆ ವರ್ಷ ಅವರು ನಗುತ್ತಿದ್ದದ್ದೇ ಆಗ.

ಊರವರು ಬಿಡಲಿಲ್ಲ. ತಾಲ್ಲೂಕು ಕಚೇರಿಗೆ ಅಲೆದರು, ರಸ್ತೆಯಲ್ಲಿ ಕೂತರು. ಕೊನೆಗೆ ಪೈಪಿನ ದಾರಿಯೇ ಬದಲಾಗಿ, ನಮ್ಮ ಬಯಲಿಗೆ ಏನೂ ಬರಲಿಲ್ಲ. ಗೂಟ ಕಿತ್ತು, ಶಾಲೆಯ ಅಂಗಳದಲ್ಲಿ ಪಾಯಸದೂಟ ಮಾಡಿದರು. ನಮ್ಮನ್ನು ಕರೆಯಲಿಲ್ಲ.

ಈಗ ಯಾರಿಗೂ ಯಾರ ಮೇಲೂ ಸಿಟ್ಟಿಲ್ಲ. ಮದುವೆ ಮನೆಗಳಲ್ಲಿ ಸುಮಾ ಸಿಗುತ್ತಾಳೆ, ಚೆನ್ನಾಗಿದ್ದೀಯೇನೇ ಅನ್ನುತ್ತಾಳೆ, ಅಷ್ಟೇ. ಒಬ್ಬೊಬ್ಬರೂ ಬೇಲಿ ಹಾಕಿ ಗಡಿಕಲ್ಲು ಹುಗಿದಿದ್ದಾರೆ. ಮುಯ್ಯಾಳು ಎಂದರೆ ಏನು ಅಂತ ನಾನು ಪಾಠ ಹೇಳುವ ಕೊಪ್ಪದ ಶಾಲೆಯ ಮಕ್ಕಳು ಕೇಳುತ್ತಾರೆ. ನಾಟಿಗೆ ಮಿಷನ್ನು ಬಾಡಿಗೆಗೆ ಬರುತ್ತದೆ. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಯಾರ ಹಂಗೂ ಬೇಡ.

ಹೋದ ವರ್ಷ ಮಿಷನ್ನು ಗದ್ದೆಯಲ್ಲಿ ಓಡುತ್ತಿದ್ದಾಗ ಅಪ್ಪಯ್ಯ, ನಾನು ಅಂಚಿನ ಮೇಲೆ ಕೂತಿದ್ದೆವು. ಅಮ್ಮ ಹೋಗಿ ಎರಡು ವರ್ಷವಾಗಿತ್ತು. ಅವಳ ಮೇಲಿನ ಅನುಮಾನವಾದರೂ ಹೋಗಲಿ ಅಂತ ಕೊನೆಗೂ ಬಾಯಿ ಬಿಟ್ಟೆ. "ಅಪ್ಪಯ್ಯ, ಅವತ್ತು ಗಡಿ ತೋರ್ಸಿದ್ದು ಅಮ್ಮ ಅಲ್ಲ. ನಾನು."

"ಗೊತ್ತು ಮಗಾ," ಅಂದರು, ಗದ್ದೆಯಿಂದ ಕಣ್ಣು ತೆಗೆಯದೆ. "ಕಿಟಕಿ ಹತ್ರನೇ ಮಲ್ಗಿದ್ನಲ್ಲ. ನೀ ಕೂಗಿ ಹೇಳ್ತಿದ್ದಿದ್ದು ಕೇಳ್ತಿತ್ತು. ಎದ್ದು ಬರಕ್ಕೆ ಆಗ್ಲಿಲ್ಲ."

ನಾನು ಅವರ ಕಡೆ ತಿರುಗಿದೆ. ಅವರೇ ಮುಂದುವರಿಸಿದರು.

"ನಿನ್ ಹೆಸ್ರು ಹೇಳಿದ್ರೆ ಸುಮ ನಿನ್ ಜೊತೆ ಆಡ್ತಿದ್ಲಾ? ನಂಗೆ ಮಾತಾಡೋರು ಇಲ್ದಿದ್ರೂ ನಡೀತದೆ, ಮಕ್ಕಳಿಗೆ ಹಾಗಲ್ಲ. ದಿನಾ ಸಂಜೆ ನೀ ಅವ್ಳ ಮನೆಗೆ ಓಡದು ನೋಡಿ, ಇದೊಂದಾದ್ರೂ ಉಳೀತಲ್ಲ ಅಂತ ಸಮಾಧಾನ ಆಗ್ತಿತ್ತು."

"ಹೌದಪ್ಪಯ್ಯ," ಅಂದೆ. "ಒಂದ್ ದಿನನೂ ಅವ್ಳು ನನ್ ಬಿಟ್ಟು ಆಡ್ಲಿಲ್ಲ."